ನೀರಿನ ಋಣ, ದೋಣಿಯ ಟಿಕೆಟ್ಟು

ಕೊರಟಗೆರೆ ತಾಲ್ಲೂಕಿನ ಕೊಳಾಲ ಹೋಬಳಿಯಲ್ಲಾಗಲಿ, ಅದರ ಸುತ್ತಲಿನ ಮಧುಗಿರಿ, ಶಿರಾ, ಪಾವಗಡದ ಸೀಮೆಯಲ್ಲಾಗಲಿ ಪ್ರವಾಸಿಗಳನ್ನು ಕೂರಿಸಿಕೊಂಡು ದೋಣಿ ಸಾಗುವಂಥ ಕಾಲುವೆ ಇಲ್ಲ. ಹೊಳೆ ಎಂದರೆ ಜಯಮಂಗಲಿ. ದೇವರಾಯನದುರ್ಗದಲ್ಲಿ ಹುಟ್ಟಿ, ಕೊರಟಗೆರೆ ಮಧುಗಿರಿಗಳನ್ನು ಹಾದು, ಆಂಧ್ರದ ಕಡೆ ಹೋಗಿ ಉತ್ತರ ಪಿನಾಕಿನಿಯನ್ನು ಸೇರುವ ಈ ಹೊಳೆ ವರ್ಷದ ಬಹುಪಾಲು ಬರೀ ಮರಳಾಗಿಯೇ ಬಿದ್ದಿರುತ್ತದೆ. ಇಂಥ ಬಯಲುಸೀಮೆಯವರು ರಜೆ ಬಂದರೆ ನೀರನ್ನು ಹುಡುಕಿಕೊಂಡು ಹೋಗುವುದು ಸಹಜ. ಅಲೆಪ್ಪಿಯ ಕಾಲುವೆಗಳಲ್ಲಿ ದೋಣಿಮನೆ, ಶ್ರೀನಗರದಲ್ಲಿ ಶಿಕಾರ, ಹಂಪಿಯಲ್ಲಿ ಹರಿಗೋಲು, ಕೈಯಲ್ಲಿ ಕಾಸಿದ್ದವರಿಗೆ ವೆನಿಸ್ಸಿನ ಗೊಂಡೋಲ. ಟಿಕೆಟ್ಟು ಕೊಂಡು ಹತ್ತುತ್ತಾರೆ, ಒಂದು ಗಂಟೆ ತೇಲುತ್ತಾರೆ, ಫೋಟೊ ತೆಗೆದುಕೊಂಡು ಇಳಿಯುತ್ತಾರೆ. ಇದರಲ್ಲಿ ಧರ್ಮದ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯಾರು. ಬರುವುದು ಇಳಿದ ಮೇಲೆ. ದುಡ್ಡು ಕೊಟ್ಟು ಇಳಿದವನಿಗೂ ಆ ನೀರಿಗೂ, ಆ ನೀರನ್ನು ಉಳಿಸಿಕೊಂಡು ಬಂದ ಜನಕ್ಕೂ ನಡುವೆ ಇನ್ನೇನಾದರೂ ಬಾಕಿ ಇದೆಯೇ? ಬಾಕಿ ಇದೆ ಎಂಬುದು ಈ ಬರಹದ ವಾದ. ಟಿಕೆಟ್ಟಿನಿಂದ ಅಂಬಿಗನ ಕೂಲಿ ಸಲ್ಲುತ್ತದೆ, ನೀರಿನ ಋಣ ಹಾಗೆಯೇ ಉಳಿಯುತ್ತದೆ. ಈ ಎರಡರ ಅಂತರವನ್ನು ಕಾಣಲು ನೀರು ತುಂಬಿದ ನಾಡಿಗಿಂತ ನೀರಿಲ್ಲದ ಕೊಳಾಲದ ಸೀಮೆಯೇ ಒಳ್ಳೆಯ ಜಾಗ.

ಋಣದ ವಿಚಾರ ನಮ್ಮ ಶಾಸ್ತ್ರಗಳಲ್ಲಿ ಬಲು ಹಳೆಯದು. ತೈತ್ತಿರೀಯ ಸಂಹಿತೆ ದೇವಋಣ, ಋಷಿಋಣ, ಪಿತೃಋಣ ಎಂದು ಮೂರನ್ನು ಹೇಳುತ್ತದೆ. ಶತಪಥ ಬ್ರಾಹ್ಮಣ ಅವುಗಳ ಜೊತೆಗೆ ಮನುಷ್ಯಋಣವನ್ನೂ ಸೇರಿಸಿ, ಬಂದವರಿಗೆ ತಂಗಲು ಜಾಗವನ್ನೂ ಉಣ್ಣಲು ಅನ್ನವನ್ನೂ ಕೊಡುವುದರಿಂದ ಅದು ತೀರುತ್ತದೆ ಎನ್ನುತ್ತದೆ. ಈ ಲೆಕ್ಕದಲ್ಲಿ ಊರಿಗೆ ಬಂದವರನ್ನು ಉಪಚರಿಸಿದವರ ಋಣ ಇಳಿಯುತ್ತದೆ, ಉಪಚಾರ ಪಡೆದವರ ಋಣ ಏರುತ್ತದೆ. ಪ್ರವಾಸಿ ಯಾವಾಗಲೂ ಪಡೆಯುವ ಕಡೆಯವನು. ಗೀತೆಯ ಮೂರನೆಯ ಅಧ್ಯಾಯ ಅನ್ನ, ಮಳೆ, ಯಜ್ಞ, ಕರ್ಮಗಳನ್ನು ಒಂದೇ ಚಕ್ರವಾಗಿ ಕಟ್ಟಿ, ಪಡೆದದ್ದನ್ನು ಮರಳಿಸದೆ ಭೋಗಿಸುವುದನ್ನು ಕಳವಿನ ಸಾಲಿಗೆ ಸೇರಿಸುತ್ತದೆ. ಈ ಮಾತುಗಳನ್ನು ಯಜ್ಞಯಾಗಗಳ ಸಂದರ್ಭದಿಂದ ಬಿಡಿಸಿಕೊಂಡರೂ ಅವುಗಳ ಒಳಗಿನ ತರ್ಕ ನಿಲ್ಲುತ್ತದೆ. ಬೆಲೆ ಕೊಟ್ಟರೆ ಕೊಟ್ಟವನಿಗೂ ಪಡೆದವನಿಗೂ ಅಲ್ಲಿಗೇ ಸಂಬಂಧ ಮುಗಿಯುತ್ತದೆ. ಋಣವಾದರೋ ಸಂಬಂಧವನ್ನು ಮುಂದಕ್ಕೆ ಒಯ್ಯುತ್ತದೆ. ಮದುವೆಮನೆಯಲ್ಲಿ ಉಂಡವನೊಬ್ಬ ಬಡಿಸಿದವನ ಕೈಗೆ ಹತ್ತು ರೂಪಾಯಿ ಇಟ್ಟು, ಮುಯ್ಯಿ ತೀರಿತು ಎಂದು ಎದ್ದು ಹೋದರೆ ನಗುವವರು ಹೇಗೆ ನಗುತ್ತಾರೋ, ದೋಣಿಯ ಬಾಡಿಗೆ ಕೊಟ್ಟು ನೀರಿನ ಲೆಕ್ಕ ಮುಗಿಯಿತು ಎನ್ನುವವನ ಮಾತೂ ಹಾಗೆಯೇ.

ಕೊಳಾಲದ ಸುತ್ತಿನ ಸೀಮೆಯಲ್ಲಿ ಈ ವಿಚಾರ ಪೋಥಿಯಲ್ಲಿ ಇದ್ದದ್ದಕ್ಕಿಂತ ನೆಲದಲ್ಲಿ ಹೆಚ್ಚು ಇತ್ತು. ದೋಣಿ ತೇಲುವ ಕಾಲುವೆಗಳು ಇಲ್ಲಿ ಇರಲಿಲ್ಲ, ಆದರೆ ಮರಳಿನಲ್ಲಿ ಕಡಿದ ಕಾಲುವೆಗಳು ಇದ್ದವು. ಹೊಳೆಯ ಪಾತ್ರದಲ್ಲೋ ಕೆರೆಯ ಅಂಗಳದಲ್ಲೋ ಮರಳಿನ ಪದರದ ಕೆಳಗೆ ಜಿನುಗುವ ಒರತೆಯನ್ನು ಗುರುತಿಸಿ, ಅಲ್ಲಿಂದ ಇಳಿಜಾರು ನೋಡಿ ಕಾಲುವೆ ತೆಗೆದು ಹೊಲಗದ್ದೆಗೆ ನೀರು ಹರಿಸುವ ಪದ್ಧತಿಗೆ ಇಲ್ಲಿಯವರು ತಲಪರಿಗೆ ಎನ್ನುತ್ತಾರೆ. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಕೂಡ ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡಗಳ ಈ ಭಾಗವನ್ನು ತಲಪರಿಗೆಗಳ ಪ್ರದೇಶವೆಂದೇ ಗುರುತಿಸಿತ್ತು. ತಲಪರಿಗೆಯ ಸ್ವಭಾವವೇ ಹಾಗೆ: ಒಂದು ಮಳೆಗಾಲ ಕಳೆದರೆ ಮರಳು ಕುಸಿದು ಕಾಲುವೆ ಮುಚ್ಚಿಹೋಗುತ್ತದೆ. ಅಚ್ಚುಕಟ್ಟಿನ ಮನೆಗಳಿಂದ ಆಳುಗಳು ಗುದ್ದಲಿ ಮಂಕರಿ ಹಿಡಿದು ಬಂದು ಹೂಳು ಎತ್ತಿದರೆ ಮಾತ್ರ ಆ ವರ್ಷ ನೀರು ಹರಿಯುತ್ತದೆ. ಬಾರದವನು ತಪ್ಪುದಂಡ ತೆರಬೇಕಿತ್ತು, ಇಲ್ಲವೇ ಅವನ ಸರದಿ ಕೈತಪ್ಪುತ್ತಿತ್ತು. ಹಕ್ಕು ಇಲ್ಲಿ ಒಮ್ಮೆ ಕೊಂಡು ಪೆಟ್ಟಿಗೆಯಲ್ಲಿ ಇಡುವ ಪತ್ರವಾಗಿರಲಿಲ್ಲ. ವರ್ಷವರ್ಷವೂ ಬೆನ್ನು ಬಗ್ಗಿಸಿ ಹೊಸದಾಗಿ ಪಡೆಯಬೇಕಾದದ್ದಾಗಿತ್ತು. ಕೊಳವೆಬಾವಿ ಬಂದ ಮೇಲೆ ಈ ಕಟ್ಟಳೆ ಸಡಿಲವಾಯಿತು. ಗುಂಡಿ ಒತ್ತಿದರೆ ನೀರು ಬರುವಲ್ಲಿ ನೆರೆಯವನ ಗುದ್ದಲಿ ಬೇಕಾಗಲಿಲ್ಲ. ಬೋರು ಆಳಕ್ಕೆ ಇಳಿದಂತೆ ಮರಳಿನ ಒರತೆಗಳು ಒಂದೊಂದಾಗಿ ಬತ್ತಿದವು, ಪಾವಗಡದಲ್ಲಿ ನೀರಿನ ಜೊತೆ ಫ್ಲೋರೈಡೂ ಮೇಲೆ ಬಂತು. ನೀರಿನ ಋಣವನ್ನು ಮರೆತದ್ದರಲ್ಲಿ ಪ್ರವಾಸಿಗಿಂತ ಮೊದಲಿಗರು ಬೋರಿನ ಒಡೆಯರು ಎಂಬುದನ್ನು ಇಲ್ಲೇ ಒಪ್ಪಿಕೊಳ್ಳಬೇಕು.

ದುಡಿಮೆಯಿಂದ ಬರುವ ಹಕ್ಕಿನ ಮಾತು ಇದಾಯಿತು. ನೀರಿನ ಮೇಲೆ ತೇಲುವ ಸುಖದ ವಿಷಯಕ್ಕೆ ಬಂದರೆ, ಕೆರೆ ಕಟ್ಟಿದ ನಾಡು ಆ ಸುಖವನ್ನು ಮೊದಲು ಕೊಟ್ಟದ್ದು ದೇವರಿಗೆ. ಮೇಲುಕೋಟೆಯ ಕಲ್ಯಾಣಿಯಲ್ಲಿ ಚೆಲುವನಾರಾಯಣನಿಗೆ, ಚಾಮುಂಡಿಬೆಟ್ಟದ ದೇವಿಕೆರೆಯಲ್ಲಿ ತಾಯಿಗೆ, ನಂಜನಗೂಡಿನಲ್ಲಿ ಕಪಿಲೆಯ ಮೇಲೆ ಶ್ರೀಕಂಠೇಶ್ವರನಿಗೆ ತೆಪ್ಪೋತ್ಸವ ನಡೆಯುತ್ತದೆ. ಈ ಉತ್ಸವದ ವಿನ್ಯಾಸವನ್ನು ಗಮನಿಸಬೇಕು. ದೀಪಾಲಂಕಾರದ ತೆಪ್ಪದಲ್ಲಿ ಕೂರುವುದು ಉತ್ಸವಮೂರ್ತಿ, ಜೊತೆಗೆ ಅರ್ಚಕರು, ವಾದ್ಯದವರು. ಊರಿಗೆ ಊರೇ ಮೆಟ್ಟಿಲ ಮೇಲೆ, ದಡದ ಮೇಲೆ ನಿಂತು ನೋಡುತ್ತದೆ. ವಿಹಾರ ದೇವರದು, ನೋಟ ಜನರದು. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದರೆಂದು ಪರಂಪರೆ ಹೇಳುವ ರಾಮಾನುಜರ ದರ್ಶನದಲ್ಲಿ ಇದಕ್ಕೆ ಗಟ್ಟಿಯಾದ ತಾತ್ತ್ವಿಕ ನೆಲೆಯೂ ಇದೆ. ಜೀವನು ಶೇಷ, ಭಗವಂತ ಶೇಷಿ. ಭಗವಂತನ ಸಂತೋಷಕ್ಕೆ ಒದಗಿ ಬರುವುದರಲ್ಲಿಯೇ ಜೀವನ ನಿಜವಾದ ಸಂತೋಷವಿದೆ. ಸುಖವನ್ನು ಮೊದಲು ಬೇರೊಬ್ಬರಿಗೆ ಬಿಟ್ಟುಕೊಟ್ಟು, ಅವರು ಉಂಡು ಮಿಕ್ಕದ್ದನ್ನು ಪ್ರಸಾದವಾಗಿ ತೆಗೆದುಕೊಳ್ಳುವ ಅಭ್ಯಾಸ ಇದು. ದೇವರಲ್ಲಿ ನಂಬಿಕೆ ಇಲ್ಲದವರೂ ಈ ವಿನ್ಯಾಸದ ಬುದ್ಧಿವಂತಿಕೆಯನ್ನು ಕಾಣಬಹುದು. ತೆಪ್ಪ ತೇಲಬೇಕಾದರೆ ಕೊಳದಲ್ಲಿ ನೀರಿರಬೇಕು. ಕೊಳದಲ್ಲಿ ನೀರಿರಬೇಕಾದರೆ ಜಲಾನಯನದ ದಾರಿ ಕಟ್ಟಿಕೊಳ್ಳಬಾರದು, ಕಟ್ಟೆ ಒಡೆಯಬಾರದು, ಹೂಳು ತುಂಬಬಾರದು. ಹೀಗೆ ಉತ್ಸವವೇ ಆ ವರ್ಷದ ನೀರಿನ ಸಾರ್ವಜನಿಕ ತಪಾಸಣೆಯಾಗುತ್ತಿತ್ತು. ತೆಪ್ಪ ನಿಂತ ವರ್ಷ ಊರು ತನ್ನ ಕೆರೆಯನ್ನು ತಾನೇ ವಿಚಾರಿಸಿಕೊಳ್ಳಬೇಕಾಗುತ್ತಿತ್ತು.

ಪ್ರವಾಸಿಯ ದೋಣಿ ಈ ವಿನ್ಯಾಸವನ್ನು ತಲೆಕೆಳಗು ಮಾಡುತ್ತದೆ. ಕರ್ನಾಟಕದಲ್ಲಿ ಇದನ್ನು ನೋಡಲು ಸರಿಯಾದ ಜಾಗ ಹಂಪಿ. ವಿಜಯನಗರ ಕಾಲುವೆಗಳ ನಗರವೂ ಆಗಿತ್ತು. ತುಂಗಭದ್ರೆಗೆ ಅಣೆಕಟ್ಟುಗಳನ್ನು ಹಾಕಿ ತೆಗೆದ ಕಾಲುವೆಗಳಲ್ಲಿ ಹಲವು ಇಂದಿಗೂ ಹರಿಯುತ್ತಿವೆ, ತುರ್ತಾ ಕಾಲುವೆ ಪಾಳುಬಿದ್ದ ರಾಜಧಾನಿಯ ನಡುವೆಯೇ ಬಾಳೆತೋಟಕ್ಕೂ ಗದ್ದೆಗೂ ನೀರುಣಿಸುತ್ತಿದೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಕಡೆ ಹೊಳೆ ದಾಟಿಸುತ್ತಿದ್ದ ಹರಿಗೋಲುಗಳನ್ನು ಬಣ್ಣಿಸಿದ್ದಾನೆ. ಬುಟ್ಟಿಯಂತೆ ಹೆಣೆದು ಹೊರಗೆ ಚರ್ಮ ಹೊದಿಸಿದ ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವು, ನೆಟ್ಟಗೆ ಹೋಗದೆ ತಿರುಗುತ್ತಲೇ ಸಾಗುತ್ತಿದ್ದವು. ಆಗ ಅದು ಸಾರಿಗೆ. ಇಂದು ಅದೇ ತಿರುಗುವಿಕೆಗೆ ದುಡ್ಡು ಕೊಟ್ಟು ನಗುವವರಿದ್ದಾರೆ. ಎರಡರ ನಡುವೆ ಒಂದು ಸೇತುವೆಯ ಕಥೆ ಇದೆ. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟಾಗ, ಪಾರಂಪರಿಕ ತಾಣಕ್ಕೆ ಧಕ್ಕೆಯಾಗುತ್ತದೆಂದು 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಪಟ್ಟಿಯಿಂದ ತೆಗೆಯಿತು. 2009ರ ಜನವರಿಯಲ್ಲಿ ಅರ್ಧ ಕಟ್ಟಿದ ಆ ಸೇತುವೆಯೇ ಕುಸಿದು ಕೆಲಸಗಾರರು ಸತ್ತರು. ನೋಟವನ್ನು ಕಾಯಬೇಕೆಂದವರ ವಾದ ಸುಳ್ಳಾಗಿರಲಿಲ್ಲ, ಸಂತೆಗೂ ಆಸ್ಪತ್ರೆಗೂ ಹೊಳೆ ದಾಟಬೇಕಾದವರ ಅಗತ್ಯವೂ ಸುಳ್ಳಾಗಿರಲಿಲ್ಲ. ಆದರೆ ಒಂದು ಮಾತನ್ನು ಪ್ರವಾಸಿ ತಿಳಿದಿರಬೇಕು. ತನಗೆ ರಮ್ಯವಾಗಿ ಕಾಣುವ ಹಳೆಯ ದೋಣಿ ಹಳೆಯದಾಗಿಯೇ ಉಳಿಯಲು ಆ ದಡದ ಮನೆಗಳು ಎಷ್ಟೋ ವರ್ಷ ಸುತ್ತು ದಾರಿ ನಡೆದಿವೆ. ಆ ನಡಿಗೆಗೆ ಟಿಕೆಟ್ಟಿನಲ್ಲಿ ಯಾವ ಕಲಮೂ ಇಲ್ಲ.

ನಮ್ಮವರು ಹೆಚ್ಚಾಗಿ ಹೋಗುವ ಅಲೆಪ್ಪಿಯ ಸಾಕ್ಷ್ಯ ಇನ್ನೂ ನೇರವಾಗಿದೆ. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದ ಅಲ್ಲಿನ ಕೆಟ್ಟುವಳ್ಳಂ ಭತ್ತ ಸಾಗಿಸುವ ದೋಣಿ. ರಸ್ತೆಗಳು ಬಂದು ಭತ್ತ ಲಾರಿ ಏರಿದ ಮೇಲೆ ಅದು ಮಲಗುವ ಕೋಣೆ, ಅಡುಗೆಮನೆ, ಶೌಚಾಲಯಗಳುಳ್ಳ ದೋಣಿಮನೆಯಾಯಿತು. ಅದು ಸುತ್ತುವ ವೆಂಬನಾಡು ಸರೋವರ 2002ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಜೌಗುಪ್ರದೇಶ. ದೋಣಿಗಳ ಕೊಳಚೆ, ಡೀಸೆಲ್ಲು ಆ ನೀರಿಗೆ ಸೇರುವುದು ಅಲ್ಲಿಯವರ ಬಹುದಿನದ ದೂರು. ಸುತ್ತ ಎತ್ತ ನೋಡಿದರೂ ನೀರೇ ಕಾಣುವ ಕುಟ್ಟನಾಡಿನಲ್ಲಿ ಕುಡಿಯುವ ನೀರಿಗೆ ಬರವಿದೆ. ಅಲೆಪ್ಪಿ ಪಟ್ಟಣದ ಕೊಳವೆಬಾವಿಗಳಲ್ಲಿ ಮಿತಿ ಮೀರಿದ ಫ್ಲೋರೈಡ್ ಕಂಡುಬಂದಿದೆ. ಪಾವಗಡದ ಮನೆಯೊಂದು ರಜೆಗೆ ಹೋಗಿ ದೋಣಿಯ ಜಗಲಿಯಲ್ಲಿ ಕುಳಿತು ಎಷ್ಟು ನೀರಪ್ಪಾ ಎಂದು ಬೆರಗಾಗುವ ಹೊತ್ತಿನಲ್ಲಿ, ದಡದ ಪಟ್ಟಣವೂ ಪಾವಗಡದ ಕಾಯಿಲೆಯನ್ನೇ ಅನುಭವಿಸುತ್ತಿರುತ್ತದೆ. ತೇಲುವವನಿಗೆ ನೀರಿನ ಮೇಲ್ಮೈ ಮಾತ್ರ ಕಾಣುತ್ತದೆ. ಅಡಿಯಲ್ಲಿರುವ ಬಾಯಾರಿಕೆಯನ್ನು ಕಾಣಲು ಬೇರೆ ಬಗೆಯ ನೋಟ ಬೇಕು, ಅದು ಬಾಡಿಗೆಯ ಜೊತೆ ಸಿಗುವುದಿಲ್ಲ.

ಇದಕ್ಕೆ ಮೊದಲ ಆಕ್ಷೇಪ ರಸಿಕರದು. ಸುಖವನ್ನು ಅನುಮಾನಿಸುವುದು ಒಣ ವೈರಾಗ್ಯ ಎನ್ನುತ್ತಾರೆ. ಹಳಗನ್ನಡ ಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಜಲಕ್ರೀಡೆಗೂ ಜಾಗ ಕೊಟ್ಟರು, ಯಾತ್ರೆಗೆ ಹೋದವರು ಯಾವ ಕಾಲದಲ್ಲೂ ಜಾತ್ರೆಯ ಸಡಗರವನ್ನು ಬಿಟ್ಟವರಲ್ಲ, ತೆಪ್ಪೋತ್ಸವವೂ ದೇವರ ಭೋಗವೇ ಅಲ್ಲವೇ? ಅಲ್ಲದೆ ಸೌಂದರ್ಯವನ್ನು ಬರಿದೆ ನೋಡುವುದು ನಿರಪಾಯ. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1790ರಲ್ಲಿ ವಾದಿಸಿದಂತೆ, ಚೆಲುವಿನ ಸಂತೋಷದಲ್ಲಿ ವಸ್ತುವನ್ನು ತನ್ನದಾಗಿಸಿಕೊಳ್ಳುವ ಆಸೆ ಇರುವುದಿಲ್ಲ. ಈ ಆಕ್ಷೇಪದ ಅರ್ಧವನ್ನು ಸಂತೋಷದಿಂದ ಒಪ್ಪಬಹುದು. ಸುಖ ಪಾಪವಲ್ಲ. ಬರದ ಸೀಮೆಯಲ್ಲಿ ಬೆಳೆದವರಿಗೆ ನೀರನ್ನು ಕಂಡಾಗ ಆಗುವ ಹಿಗ್ಗನ್ನು ಹೀಗಳೆಯುವ ಧರ್ಮ ಧರ್ಮವೇ ಅಲ್ಲ. ಉಳಿದರ್ಧ ಒಪ್ಪತಕ್ಕದ್ದಲ್ಲ. ದಡದಲ್ಲಿ ನಿಂತು ನೋಡುವವನ ನೋಟ ನಿರಪಾಯವಿರಬಹುದು, ದೋಣಿಮನೆಯಲ್ಲಿ ರಾತ್ರಿ ಕಳೆಯುವವನದು ಬರೀ ನೋಟವಲ್ಲ, ಬಳಕೆ. ಅವನು ಆ ನೀರಿಗೆ ಏನನ್ನೋ ಬಿಟ್ಟು ಬರುತ್ತಾನೆ, ಆ ಊರಿನಿಂದ ಏನನ್ನೋ ತೆಗೆದುಕೊಳ್ಳುತ್ತಾನೆ. ಜಲಕ್ರೀಡೆಯ ವರ್ಣನೆಗಳಲ್ಲಿಯೂ ಸರೋವರದ ಕಟ್ಟೆ ಕಟ್ಟಿದವರು ಕಾಣಿಸುವುದಿಲ್ಲ. ಅವರನ್ನು ಹುಡುಕಲು ಕಾವ್ಯ ಬಿಟ್ಟು ಶಾಸನಕ್ಕೆ ಹೋಗಬೇಕು. ಜಯಮಂಗಲಿಯ ನೀರು ಕೊನೆಗೆ ಸೇರುವ ಉತ್ತರ ಪಿನಾಕಿನಿಯ, ಎಂದರೆ ಪೆನ್ನೆಯ, ಕಣಿವೆಯಲ್ಲಿಯೇ, ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ, ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯ 1369ರ ಶಾಸನವಿದೆ. ಅದು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸಿ, ಎರಡು ವರ್ಷ ದಿನಕ್ಕೆ ಸಾವಿರ ಆಳು ದುಡಿದದ್ದನ್ನು ದಾಖಲಿಸುತ್ತದೆ. ನೀರಿನ ಧರ್ಮದ ಲೆಕ್ಕ ಆಳುಗಳಿಂದ, ಕಟ್ಟೆಯಿಂದ ಶುರುವಾಗುತ್ತದೆ. ಸುಖ ಅದರ ಫಲ, ಆದ್ದರಿಂದಲೇ ಆ ಮೂಲಕ್ಕೆ ಬಾಧ್ಯ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು, ನೈತಿಕವಾಗಿ ಹೆಚ್ಚು ತೂಕದ್ದು. ತೆಪ್ಪ, ತಲಪರಿಗೆ, ಕೆರೆಗಳ ಹಳೆಯ ವ್ಯವಸ್ಥೆಯನ್ನು ಹೊಗಳುವ ಮುನ್ನ ಅಲ್ಲಿ ಯಾರಿಗೆ ಪ್ರವೇಶವಿತ್ತು ಎಂದು ಕೇಳಬೇಡವೇ? ಕೆರೆಯ ತೂಬು ಎತ್ತಿ ಊರಿನ ಗದ್ದೆಗೆಲ್ಲ ನೀರು ಹಂಚುತ್ತಿದ್ದ ನೀರುಗಂಟಿ ಎಷ್ಟೋ ಊರುಗಳಲ್ಲಿ ದಲಿತನಾಗಿದ್ದ. ಅದೇ ಊರಿನ ಸಿಹಿನೀರಿನ ಬಾವಿಗೆ ಅವನ ಮನೆಯ ಬಿಂದಿಗೆ ಇಳಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾಡದ ಚವದಾರ್ ಕೆರೆಯ ನೀರನ್ನು ಕುಡಿಯಲು ಒಂದು ಸತ್ಯಾಗ್ರಹವನ್ನೇ ಮಾಡಬೇಕಾಯಿತು. ಇಂಥ ಇತಿಹಾಸದ ಎದುರಿಗೆ ಇಟ್ಟು ನೋಡಿದರೆ ದೋಣಿಯ ಟಿಕೆಟ್ಟು ವಿಮೋಚನೆಯಂತೆಯೇ ಕಾಣುತ್ತದೆ. ಅದು ಜಾತಿ ಕೇಳುವುದಿಲ್ಲ, ದುಡ್ಡು ಕೊಟ್ಟ ಯಾರನ್ನಾದರೂ ಕೂರಿಸಿಕೊಳ್ಳುತ್ತದೆ. ದಡದಲ್ಲಿ, ಅದೂ ದೂರದ ದಡದಲ್ಲಿ ನಿಲ್ಲಿಸಲ್ಪಟ್ಟವರ ಮೊಮ್ಮಕ್ಕಳು ಇಂದು ನಡುನೀರಿನಲ್ಲಿ ಕುಳಿತು ನಗುವುದು ಸಣ್ಣ ಸಂಗತಿಯಲ್ಲ. ಈ ಆಕ್ಷೇಪವನ್ನು ಪೂರ್ತಿಯಾಗಿ ಒಪ್ಪಬೇಕು. ಆದರೆ ಅದು ಋಣದ ವಾದವನ್ನು ಉರುಳಿಸುವುದಿಲ್ಲ, ಇನ್ನಷ್ಟು ಬಿಗಿಗೊಳಿಸುತ್ತದೆ. ಹಳೆಯ ವ್ಯವಸ್ಥೆಯ ಅನ್ಯಾಯ ಋಣ ಇದ್ದದ್ದರಲ್ಲಿ ಇರಲಿಲ್ಲ. ಅದನ್ನು ತೀರಿಸುವ ದುಡಿಮೆಯನ್ನೆಲ್ಲ ಕೆಲವರ ಬೆನ್ನಿಗೆ ಕಟ್ಟಿ, ಭೋಗವನ್ನು ಬೇರೆ ಕೆಲವರಿಗೆ ಕಾಯ್ದಿರಿಸಿದ್ದರಲ್ಲಿ ಇತ್ತು. ಟಿಕೆಟ್ಟು ಭೋಗವನ್ನು ಸಮಾನವಾಗಿ ಹಂಚುತ್ತದೆ, ದುಡಿಮೆಯನ್ನು ಮುಟ್ಟುವುದೇ ಇಲ್ಲ. ದೋಣಿಮನೆಯ ಶೌಚದ ತೊಟ್ಟಿಯನ್ನು ತೊಳೆಯುವವರು, ಕಾಲುವೆಯಿಂದ ಪ್ಲಾಸ್ಟಿಕ್ ಬಾಟಲಿ ಎತ್ತುವವರು ಯಾರ ಮಕ್ಕಳೆಂದು ನೋಡಿದರೆ ಇದು ಅರ್ಥವಾಗುತ್ತದೆ. ಸಮಾನತೆ ಪೂರ್ತಿಯಾಗಬೇಕಾದರೆ ನೀರಿನ ಸುಖದಂತೆ ನೀರಿನ ಹೊಣೆಯೂ ಎಲ್ಲರ ಪಾಲಿಗೆ ಬರಬೇಕು.

ಮೂರನೆಯ ಆಕ್ಷೇಪ ಭಕ್ತಿಪರಂಪರೆಯ ಒಳಗಿನಿಂದಲೇ ಏಳುತ್ತದೆ. ನೀರಿನಲ್ಲಿ ದೈವತ್ವವನ್ನು ಕಾಣುವುದನ್ನು ನಮ್ಮ ಶರಣರು, ದಾಸರು ಮೊದಲೇ ಪ್ರಶ್ನಿಸಿದ್ದರಲ್ಲ? ಕಂಡ ಕಂಡ ನೀರಿನಲ್ಲಿ ಮುಳುಗಿ ಪುಣ್ಯ ಗಳಿಸುತ್ತೇವೆ ಎನ್ನುವವರನ್ನು ವಚನಕಾರರು ಗೇಲಿ ಮಾಡಿದರು. ನೀರು ನೀರೇ. ಅದಕ್ಕೆ ಋಣ ಎಂಥದು? ಈ ಪ್ರಶ್ನೆ ಕೇಳುವಾಗ ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನನ್ನು ನೆನೆಯುವುದು ಉಚಿತ. ಹೊಳೆ ದಾಟಿಸುವ ಕಾಯಕದವನು, ತನ್ನ ಕಸುಬಿನ ಹೆಸರನ್ನೇ ವಚನದ ಅಂಕಿತವಾಗಿ ಇಟ್ಟುಕೊಂಡವನು, ಡಾಂಭಿಕರನ್ನು ನೇರವಾಗಿ ಬೈದವನು. ಶರಣರು ನಿರಾಕರಿಸಿದ್ದು ನೀರಿನ ಹೊಣೆಯನ್ನಲ್ಲ, ಅಗ್ಗದ ವ್ಯಾಪಾರವನ್ನು. ಒಂದು ಮುಳುಗಿನಿಂದ ಪುಣ್ಯ ಕೊಳ್ಳಬಹುದು ಎಂಬುದು ಹೇಗೆ ಭ್ರಮೆಯೋ, ಒಂದು ಟಿಕೆಟ್ಟಿನಿಂದ ಹೊಣೆ ಕಳೆದುಕೊಳ್ಳಬಹುದು ಎಂಬುದೂ ಹಾಗೆಯೇ ಭ್ರಮೆ. ಎರಡರಲ್ಲೂ ಸ್ವಲ್ಪ ಕೊಟ್ಟು ಪೂರ್ತಿ ಬಿಡುಗಡೆ ಪಡೆಯುವ ಆಸೆಯಿದೆ. ಶರಣರು ಅದರ ಬದಲಿಗೆ ಮುಂದಿಟ್ಟದ್ದು ಕಾಯಕ ಮತ್ತು ದಾಸೋಹವನ್ನು: ದುಡಿದು ಪಡೆಯುವುದು, ಪಡೆದದ್ದನ್ನು ಹಂಚುವುದು. ನೀರಿಗೆ ಅನ್ವಯಿಸಿದರೆ ಇದು ತಲಪರಿಗೆಯ ಕಟ್ಟಳೆಗೆ ಬಲು ಹತ್ತಿರ ಬರುತ್ತದೆ. ಆದ್ದರಿಂದ ಋಣದ ವಾದಕ್ಕೆ ನೀರನ್ನು ಗಂಗಮ್ಮ ಎಂದು ಪೂಜಿಸುವುದು ಅನಿವಾರ್ಯವಲ್ಲ. ಪೂಜಿಸುವವರು ದೇವರಿಗೆ ಬಾಧ್ಯರು, ಪೂಜಿಸದವರು ಆ ನೀರನ್ನು ಕುಡಿಯುವ, ಉಳಿಸುವ, ನಾಳೆ ಬಳಸಬೇಕಾದ ಮನುಷ್ಯರಿಗೆ ಬಾಧ್ಯರು. ಬಾಗಿನ ಬಿಟ್ಟು, ಅದರ ಜೊತೆಗೇ ಪ್ಲಾಸ್ಟಿಕ್ ಚೀಲವನ್ನೂ ಕೆರೆಗೆ ಎಸೆದು ಬರುವವನು ಈ ಎರಡೂ ಲೆಕ್ಕದಲ್ಲಿ ಸೋಲುತ್ತಾನೆ.

ಕೊನೆಯ ಆಕ್ಷೇಪ ಲೋಕಾನುಭವದ್ದು. ದುಡ್ಡನ್ನು ಇಷ್ಟು ಕೀಳಾಗಿ ಕಾಣಬೇಕೇ? ಪ್ರವಾಸಿ ಬಾರದಿದ್ದರೆ ಹರಿಗೋಲಿನವನ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಹಳೆಯ ದೋಣಿ ಕಟ್ಟುವ ವಿದ್ಯೆಯೇ ಅಳಿದುಹೋಗುತ್ತದೆ. ಕೊರೊನಾ ಕಾಲದಲ್ಲಿ ದೋಣಿಗಳು ದಡಕ್ಕೆ ಬಿದ್ದಾಗ ಅಂಬಿಗರಿಗೆ ಬೇಕಾಗಿದ್ದದ್ದು ತತ್ತ್ವವಲ್ಲ, ಗಿರಾಕಿ. ನಿಜ. ದುಡ್ಡು ಕೀಳಲ್ಲ. ತಲಪರಿಗೆಯ ಕಟ್ಟಳೆಯಲ್ಲೂ ಗುದ್ದಲಿ ಹಿಡಿದು ಬಾರದವನು ದುಡ್ಡು ತೆತ್ತು ತನ್ನ ಸರದಿಯನ್ನು ಉಳಿಸಿಕೊಳ್ಳಬಹುದಿತ್ತು. ಆದರೆ ಅಲ್ಲಿ ಆ ದುಡ್ಡಿಗೆ ಒಂದು ದಿಕ್ಕಿತ್ತು. ಅವನು ಮಾಡದೆ ಬಿಟ್ಟ ಕೆಲಸದ ಬದಲಿಗೆಂದೇ ಅದನ್ನು ತೆರಬೇಕಾಗಿತ್ತು, ಕೊಡುವಾಗ ಆ ಕೆಲಸ ಯಾವುದೆಂದು ಅವನಿಗೂ ಊರಿಗೂ ಗೊತ್ತಿರುತ್ತಿತ್ತು. ಪ್ರಶ್ನೆ ದುಡ್ಡು ಕೊಡಬೇಕೇ ಎಂಬುದಲ್ಲ, ಕೊಟ್ಟ ದುಡ್ಡು ನೀರಿನ ಕಡೆಗೆ ತಿರುಗುತ್ತದೆಯೇ ಎಂಬುದು. ವೆನಿಸ್ ನಗರ 2024ರ ಏಪ್ರಿಲ್ 25ರಿಂದ, ಜನಜಂಗುಳಿಯ ಕೆಲವು ಗೊತ್ತಾದ ದಿನಗಳಲ್ಲಿ, ಹಗಲು ಬಂದು ಹೋಗುವ ಪ್ರವಾಸಿಗಳಿಗೆ 5 ಯೂರೊ ಪ್ರವೇಶಶುಲ್ಕ ವಿಧಿಸಿತು. ಅದಕ್ಕೂ ಮುನ್ನ, 2021ರ ಆಗಸ್ಟಿನಲ್ಲಿ, ನಗರದ ಅಡಿಪಾಯವನ್ನೇ ನಡುಗಿಸುತ್ತಿದ್ದ ಭಾರಿ ಪ್ರವಾಸಿ ಹಡಗುಗಳನ್ನು ಜುದೆಕ್ಕ ಕಾಲುವೆಯಿಂದ ಹೊರಗೆ ಹಾಕಲಾಗಿತ್ತು. ಈ ಎರಡು ಕ್ರಮಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಶುಲ್ಕ ಕಟ್ಟಿದವನು ಒಳಗೆ ಬರಬಹುದು, ಎಷ್ಟು ಜನ ಕಟ್ಟಿದರೆ ಅಷ್ಟೂ ಜನ. ನಿಷೇಧವಾದರೋ ಎಷ್ಟು ದುಡ್ಡು ಕೊಟ್ಟರೂ ಮಾಡಬಾರದ ಕೆಲಸಗಳು ಇವೆ ಎನ್ನುತ್ತದೆ. ಋಣಪ್ರಜ್ಞೆಯ ಗುರುತು ಎರಡನೆಯದರಲ್ಲಿದೆ. ಎಲ್ಲವೂ ಬೆಲೆಗೆ ಸಿಗುವ ಕಡೆ ಋಣಕ್ಕೆ ಜಾಗವಿಲ್ಲ.

ಇದೆಲ್ಲ ದೂರದ ಊರುಗಳ ಮಾತೆಂದು ಕೊಳಾಲದ ಸೀಮೆ ಸುಮ್ಮನಿರುವಂತಿಲ್ಲ. ಇಲ್ಲಿಯ ನೀರೂ ಈಗ ದೂರದ ಊರುಗಳಿಂದ ಬರತೊಡಗಿದೆ. ಹಾಸನದ ಗೊರೂರಿನಲ್ಲಿ ನಿಂತ ಹೇಮಾವತಿಯನ್ನು ಶಿರಾದ ಮದಲೂರು ಕೆರೆಗೆ ಹರಿಸುವುದು 2020ರ ಉಪಚುನಾವಣೆಯ ದೊಡ್ಡ ಮಾತಾಗಿತ್ತು. ನೇತ್ರಾವತಿಯ ಮೇಲ್ತೊರೆಗಳನ್ನು ಸಕಲೇಶಪುರದ ಬಳಿ ತಿರುಗಿಸಿ ಪೂರ್ವದ ಬಯಲಿಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಉದ್ಘಾಟನೆಯಾಯಿತು. ಆ ಯೋಜನೆಯ ಜಲಾಶಯಕ್ಕೆ ಗುರುತಿಸಿದ್ದು ಇದೇ ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲುವನ್ನು. ಮುಳುಗಡೆಯ ಭೂಮಿಗೆ ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೊಂದು ದರ, ಕೊರಟಗೆರೆಯವರಿಗೊಂದು ದರವೇ ಎಂದು ರೈತರು ಕೇಳಿದರು. ಘಟ್ಟದ ಕೆಳಗಿನ ದಕ್ಷಿಣ ಕನ್ನಡದವರು ತಮ್ಮ ಹೊಳೆ ಬಡವಾಗುತ್ತದೆ ಎಂದು ಪ್ರತಿಭಟಿಸಿದರು. ನಾಳೆ ಈ ಸೀಮೆಯ ಯಾವುದಾದರೂ ಕಟ್ಟೆಯ ಹಿಂದೆ ಪರನಾಡಿನ ನೀರು ನಿಂತಿತೆಂದರೆ, ದಡದಲ್ಲಿ ದೋಣಿವಿಹಾರದ ಫಲಕವೂ ನಿಲ್ಲುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ. ಆಗ ಪ್ರವಾಸಿಯಾಗಿ ಕೇಳಬೇಕಿದ್ದ ಪ್ರಶ್ನೆಗಳನ್ನು ಆತಿಥೇಯರಾಗಿ ಎದುರಿಸಬೇಕಾಗುತ್ತದೆ. ಆ ನೀರಿನ ಮೇಲೆ ತೇಲುವವರು ಸಕಲೇಶಪುರದ ಕಾಡಿಗೆ, ಕರಾವಳಿಯ ಹೊಳೆಗೆ, ಮನೆ ಹೊಲ ಬಿಟ್ಟೆದ್ದವರಿಗೆ ಏಕಕಾಲಕ್ಕೆ ಋಣಿಗಳು. ತನ್ನದಲ್ಲದ ನೀರಿನಿಂದ ಬದುಕುವ ಸೀಮೆಗೆ ಈ ತಿಳಿವಳಿಕೆ ಉಳಿದವರಿಗಿಂತ ಮೊದಲು ಬರಬೇಕು.

ಆದ್ದರಿಂದ ದೋಣಿ ಹತ್ತಬೇಡಿ ಎಂಬುದು ಈ ವಾದದ ತೀರ್ಮಾನವಲ್ಲ. ಹತ್ತುವವರ ಸರದಿ ಎಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ತೆಪ್ಪೋತ್ಸವದಲ್ಲಿ ಜನ ತಮಗಿಂತ ಮೊದಲು ದೇವರನ್ನು ಕೂರಿಸಿದರು, ತಲಪರಿಗೆಯಲ್ಲಿ ನೀರಿಗಿಂತ ಮೊದಲು ದುಡಿಮೆಯನ್ನು ಇಟ್ಟರು. 2002ರ ರಾಷ್ಟ್ರೀಯ ಜಲನೀತಿ ಕೂಡ ಕುಡಿಯುವ ನೀರಿನಿಂದ ಶುರುಮಾಡಿ ಜಲಸಾರಿಗೆಯನ್ನೂ ಉಳಿದ ಬಳಕೆಗಳನ್ನೂ ಪಟ್ಟಿಯ ಕೊನೆಗೆ ಇಟ್ಟಿತು. ವಿಹಾರದ ದೋಣಿಗೂ ಅದೇ ಜಾಗ ಸಲ್ಲುತ್ತದೆ: ದಡದವರ ಬಿಂದಿಗೆ ತುಂಬಿದ ಮೇಲೆ, ಗದ್ದೆಗೆ ಹರಿದ ಮೇಲೆ, ಹಕ್ಕಿಗೂ ಮೀನಿಗೂ ಉಳಿದ ಮೇಲೆ. ಅದರ ಮೇಲೆ ಹತ್ತುವವನು ತನ್ನ ಕೊಳೆಯನ್ನು ತನ್ನೊಡನೆ ಹೊತ್ತು ಇಳಿಯಲಿ, ತನ್ನ ದುಡ್ಡಿನಲ್ಲಿ ಒಂದು ಪಾಲು ಆ ಕಾಲುವೆಯ ಹೂಳಿಗೇ ಹೋಗುತ್ತದೆಯೇ ಎಂದು ಕೇಳಲಿ, ಹೋಗದಿದ್ದರೆ ಮುಂದಿನ ಸಲ ಬೇರೆ ದೋಣಿಯನ್ನು ಹುಡುಕಲಿ. ಊರಿಗೆ ಮರಳಿದ ಮೇಲೆ ತನ್ನ ಕೆರೆಯ ಕಾಲುವೆಗೆ ಒಂದು ದಿನ ಗುದ್ದಲಿ ಹಿಡಿಯಲಿ. ದೂರದ ನೀರಿನ ಋಣವನ್ನು ಹತ್ತಿರದ ನೀರಿಗೆ ಸಲ್ಲಿಸುವುದರಲ್ಲಿ ತಪ್ಪಿಲ್ಲ. ಪಿತೃಋಣವನ್ನೂ ನಾವು ತೀರಿಸುವುದು ಮಕ್ಕಳನ್ನು ಬೆಳೆಸಿಯೇ ಹೊರತು ಹಿರಿಯರಿಗೆ ಹಿಂದಿರುಗಿಸಿ ಅಲ್ಲ.